ಬಂದೂಕಿನ ಕೀಲಿಕೈ ಯಾರ ಕೈಯಲ್ಲಿ? ಗಡಿಭಾಗದ ಪಾಲಕರು ತಿಳಿದಿರಬೇಕಾದ ಕಾನೂನು ಮತ್ತು ಕ್ರಮ

ಉಮರ್ಗಾ, ನಿಲಂಗಾ ಮತ್ತು ಉದಗೀರ ತಾಲ್ಲೂಕುಗಳ ಕೆಲವು ಮನೆಗಳಲ್ಲಿ ಪರವಾನಗಿ ಪಡೆದ ಬಂದೂಕುಗಳಿವೆ. ಬೆಳೆ ಕಾಯಲೆಂದು ಪಡೆದದ್ದು, ಸೇನೆಯಿಂದ ನಿವೃತ್ತರಾದವರು ಕಾವಲು ಕೆಲಸಕ್ಕೆಂದು ಕೊಂಡದ್ದು, ಅಜ್ಜನ ಕಾಲದಿಂದ ವಾಡೆಯಲ್ಲಿ ಉಳಿದು ಬಂದದ್ದು, ಹೀಗೆ ಅವುಗಳ ಮೂಲ ಬೇರೆ ಬೇರೆ. ಆ ಮನೆಗಳ ಮಕ್ಕಳೂ ನಮ್ಮ ಕನ್ನಡ ಶಾಲೆಗಳಲ್ಲಿ ಓದುತ್ತಾರೆ. ಪರವಾನಗಿಯ ಕಾಗದಪತ್ರಗಳು ಮರಾಠಿ, ಹಿಂದಿ ಅಥವಾ ಇಂಗ್ಲಿಷಿನಲ್ಲಿರುತ್ತವೆ. ಹೀಗಾಗಿ ಮನೆಯ ಹಿರಿಯರು ಯಾವ ಶರತ್ತುಗಳಿಗೆ ಸಹಿ ಮಾಡಿದ್ದಾರೆ ಎಂಬುದು ಕನ್ನಡವನ್ನಷ್ಟೇ ಓದಬಲ್ಲ ತಾಯಂದಿರಿಗೆ ತಿಳಿಯದೆ ಉಳಿಯುತ್ತದೆ. ಆ ಶರತ್ತುಗಳ ಸಾರವನ್ನು ಕನ್ನಡದಲ್ಲಿ ತಿಳಿಸುವುದು, ಅದರಲ್ಲಿಯೂ ಕೀಲಿಕೈಯ ವಿಷಯವನ್ನು ಬಿಡಿಸಿ ಹೇಳುವುದು ಈ ಲೇಖನದ ಉದ್ದೇಶ.

ನಾವು ಹೇಳಬೇಕಾದ ಮುಖ್ಯ ಮಾತು ಇಷ್ಟು: ಬಂದೂಕಿರುವ ತಿಜೋರಿಯ ಕೀಲಿಕೈ ಯಾರ ಕೈಗೆ ಎಟಕುತ್ತದೆಯೋ ಬಂದೂಕು ಅವರ ಕೈಗೆ ಎಟಕಿದಂತೆಯೇ. ಕಾನೂನಿನ ಲೆಕ್ಕವೂ ಇದೇ, ಮಗುವಿನ ಜೀವದ ಲೆಕ್ಕವೂ ಇದೇ.

ಎರಡು ಘಟನೆಗಳು

2025ರ ಫೆಬ್ರುವರಿಯಲ್ಲಿ ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿನ ಒಂದು ಕೋಳಿ ಫಾರ್ಮಿನಲ್ಲಿ 15 ವರ್ಷದ ಹುಡುಗನೊಬ್ಬ ಅಲ್ಲಿದ್ದ ಬಂದೂಕನ್ನು ಕೈಗೆತ್ತಿಕೊಂಡ. ಗುಂಡು ಹಾರಿ 4 ವರ್ಷದ ಮಗು ಪ್ರಾಣ ಕಳೆದುಕೊಂಡಿತು, ತಾಯಿಗೂ ಗಾಯವಾಯಿತು. ಅದಕ್ಕೂ ಮೊದಲು, 2024ರ ಜುಲೈ ಕೊನೆಯಲ್ಲಿ, ಬಿಹಾರದ ಸುಪೌಲ್ ಜಿಲ್ಲೆಯ ಶಾಲೆಯೊಂದಕ್ಕೆ ನರ್ಸರಿ ತರಗತಿಯ ಬಾಲಕನೊಬ್ಬ ಪಾಟಿಚೀಲದಲ್ಲಿ ಪಿಸ್ತೂಲು ತಂದಿದ್ದ. ಅದರಿಂದ ಹಾರಿದ ಗುಂಡಿಗೆ ಮೂರನೆಯ ತರಗತಿಯ ಹುಡುಗ ಗಾಯಗೊಂಡ.

ಈ ಎರಡು ಘಟನೆಗಳಲ್ಲಿ ಯಾವ ಮಗುವಿಗೂ ದುರುದ್ದೇಶವಿರಬೇಕಾಗಿರಲಿಲ್ಲ. ಆಯುಧ ಕೈಗೆ ಸಿಕ್ಕಿತು, ಅದರೊಳಗೆ ಗುಂಡಿತ್ತು. ಅನಾಹುತಕ್ಕೆ ಅಷ್ಟೇ ಸಾಕಾಯಿತು. ಬಂದೂಕಿಗೆ ಬೀಗ, ಗುಂಡಿಗೆ ಬೇರೆ ಬೀಗ, ಎರಡರ ಕೀಲಿಕೈಗಳೂ ಒಬ್ಬರ ವಶದಲ್ಲಿ ಎಂಬ ನಿಯಮ ಪಾಲನೆಯಾಗುವ ಮನೆಯಲ್ಲಿ ಇಂಥ ಅನಾಹುತಕ್ಕೆ ದಾರಿಯೇ ಸಿಗದು.

ನಮ್ಮ ಭಾಗದಲ್ಲಿ ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ದಸರೆಯ ಖಂಡೇನವಮಿಯಂದು ಆಯುಧಗಳನ್ನು ಹೊರತೆಗೆದು ಒರೆಸಿ, ಕುಂಕುಮ ಹಚ್ಚಿ ಪೂಜಿಸುವ ರೂಢಿ ಇದೆ. ಮನೆಮಂದಿಯೆಲ್ಲ ಸೇರಿರುವ ಆ ದಿನ ಮಕ್ಕಳು ಬಂದೂಕನ್ನು ನೋಡುವುದರ ಜೊತೆಗೆ ಹಿರಿಯರು ಕೀಲಿಕೈಯನ್ನು ಎಲ್ಲಿಂದ ತೆಗೆದರು, ಮತ್ತೆ ಎಲ್ಲಿ ಇಟ್ಟರು ಎಂಬುದನ್ನೂ ನೋಡುತ್ತಾರೆ. ದೊಡ್ಡವರು ಮರೆತರೂ ಮಕ್ಕಳು ಮರೆಯುವುದಿಲ್ಲ. ಪೂಜೆ ನಡೆಯಲಿ; ಆದರೆ ತಿಜೋರಿಯನ್ನು ಮಕ್ಕಳ ಕಣ್ಣೆದುರು ತೆರೆಯಬಾರದು. ಗುಂಡುಗಳನ್ನು ಪೂಜೆಗೆ ಹೊರತೆಗೆಯಲೇಬಾರದು. ಪೂಜೆ ಮುಗಿದ ಕೂಡಲೇ ಬಂದೂಕು ಬೀಗದೊಳಗೆ ಹೋಗಬೇಕು.

‘ವಶ’ ಎಂಬ ಮಾತಿನ ಅರ್ಥ

ಬಂದೂಕಿಗೆ ಸಂಬಂಧಿಸಿದ ಮೂಲ ಕಾನೂನು 1959ರ ಶಸ್ತ್ರಾಸ್ತ್ರ ಕಾಯ್ದೆ. ಅದರ ವಿವರಗಳು 2016ರ ಶಸ್ತ್ರಾಸ್ತ್ರ ನಿಯಮಾವಳಿಯಲ್ಲಿವೆ. ಎರಡೂ ಕೇಂದ್ರದ ಕಾನೂನುಗಳಾದುದರಿಂದ ಲಾತೂರಿಗೂ ಬೀದರಿಗೂ ಒಂದೇ ತೆರನಾಗಿ ಅನ್ವಯಿಸುತ್ತವೆ.

ಕಾಯ್ದೆಯ 3ನೆಯ ಕಲಮಿನ ಪ್ರಕಾರ ಪರವಾನಗಿಯಿಲ್ಲದೆ ಯಾರೂ ಬಂದೂಕನ್ನಾಗಲಿ ಗುಂಡನ್ನಾಗಲಿ ತಮ್ಮ ವಶದಲ್ಲಿ ಇಟ್ಟುಕೊಳ್ಳುವಂತಿಲ್ಲ. ಪರವಾನಗಿ ವ್ಯಕ್ತಿಗೆ ಸಿಗುತ್ತದೆ, ಮನೆತನಕ್ಕಲ್ಲ. ಅಣ್ಣನ ಹೆಸರಿನ ಪರವಾನಗಿ ತಮ್ಮನಿಗೆ ಸಲ್ಲದು, ಗಂಡನದು ಹೆಂಡತಿಗೆ ಸಲ್ಲದು. 9ನೆಯ ಕಲಮಿನ ಪ್ರಕಾರ 21 ವರ್ಷ ತುಂಬದವರು ಬಂದೂಕನ್ನು ವಶದಲ್ಲಿ ಇಟ್ಟುಕೊಳ್ಳುವುದು ನಿಷಿದ್ಧ. ಗೊತ್ತುಪಡಿಸಿದ ಷರತ್ತುಗಳಡಿ ನಡೆಯುವ ತರಬೇತಿಗಷ್ಟೇ ಅದರಲ್ಲಿ ವಿನಾಯಿತಿ ಇದೆ. ಶಾಲೆಯಲ್ಲಿ ಓದುವ ಮಗನ ಕೈಗೆ ‘ಹೊಲಕ್ಕೆ ಕೊಟ್ಟು ಬಾ’ ಎಂದು ಬಂದೂಕು ಕೊಡುವುದು ಈ ಕಲಮಿಗೆ ವಿರುದ್ಧವಾದುದು.

ವಶದಲ್ಲಿರುವುದು ಎಂದರೆ ಕೈಯಲ್ಲಿ ಹಿಡಿದಿರುವುದು ಮಾತ್ರವೇ? ಗುಣವಂತಲಾಲ್ ವಿರುದ್ಧ ಮಧ್ಯಪ್ರದೇಶ ರಾಜ್ಯ ಎಂಬ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1972ರಲ್ಲಿ ಈ ಪ್ರಶ್ನೆಯನ್ನು ವಿಚಾರಿಸಿತು. ಆಯುಧ ಇದೆಯೆಂಬ ಅರಿವು ಮತ್ತು ಅದರ ಮೇಲಿನ ಹಿಡಿತ ಇದ್ದರೆ, ಆಯುಧ ಬೇರೆಯವರ ಕೈಯಲ್ಲಿದ್ದರೂ ಅದು ವಶವೆನಿಸಬಹುದು ಎಂಬುದು ಆ ತೀರ್ಪಿನ ತಿರುಳು. ಕೀಲಿಕೈಯ ಮಹತ್ವ ಇಲ್ಲಿದೆ. ತಿಜೋರಿಯೊಳಗೆ ಏನಿದೆ ಎಂದು ಬಲ್ಲವರಿಗೆ ಕೀಲಿಕೈಯನ್ನೂ ಒಪ್ಪಿಸಿದರೆ ಅರಿವು, ಹಿಡಿತ ಎರಡನ್ನೂ ಒಪ್ಪಿಸಿದಂತಾಗುತ್ತದೆ. ಆದುದರಿಂದ ‘ಕೀಲಿ ಹಾಕಿದ್ದೆವು’ ಎಂಬ ಉತ್ತರ ಸಾಲದು. ಕೀಲಿಕೈ ಯಾರ ಬಳಿ ಇತ್ತು ಎಂಬುದಕ್ಕೂ ಉತ್ತರ ಬೇಕು.

35ನೆಯ ಕಲಮನ್ನು ಕೂಡುಕುಟುಂಬಗಳವರು ವಿಶೇಷವಾಗಿ ತಿಳಿದಿರಬೇಕು. ಹಲವರು ಒಟ್ಟಾಗಿ ವಾಸಿಸುವ ಮನೆಯಲ್ಲಿ ಕಾಯ್ದೆಗೆ ವಿರುದ್ಧವಾಗಿ ಇಟ್ಟ ಆಯುಧ ಸಿಕ್ಕರೆ, ಅದರ ಇರವನ್ನು ಬಲ್ಲವರೆಂದು ನಂಬಲು ಕಾರಣವಿರುವ ಪ್ರತಿಯೊಬ್ಬರೂ ಹೊಣೆಗಾರರಾಗಬಹುದು; ತಮ್ಮ ತಪ್ಪಿಲ್ಲವೆಂದು ಅವರೇ ತೋರಿಸಬೇಕಾಗುತ್ತದೆ. ಪರವಾನಗಿಯ ಅವಧಿ ಮುಗಿದ ಬಂದೂಕು ಮನೆಯಲ್ಲೇ ಉಳಿದರೆ ಅದರ ಬಿಸಿ ಮನೆಮಂದಿಗೆಲ್ಲ ತಟ್ಟುವ ಬಗೆ ಇದು.

ಸಹಿ ಮಾಡಿದ ಮುಚ್ಚಳಿಕೆ ಮತ್ತು ದಂಡನೆ

2016ರ ನಿಯಮಾವಳಿ ಬಂದ ಮೇಲೆ ಪರವಾನಗಿಗೆ ಅರ್ಜಿ ಹಾಕುವವರು ಬಂದೂಕನ್ನು ಸುರಕ್ಷಿತವಾಗಿ ಇಡುವುದಾಗಿ ಮುಚ್ಚಳಿಕೆ ಬರೆದುಕೊಡಬೇಕು. ಪರವಾನಗಿ ಪುಸ್ತಕದಲ್ಲಿಯೂ ಶರತ್ತುಗಳು ಅಚ್ಚಾಗಿರುತ್ತವೆ. ಶರತ್ತು ಅಥವಾ ನಿಯಮವನ್ನು ಮೀರಿದರೆ, ಬೇರೆಡೆ ಶಿಕ್ಷೆ ಹೇಳಿರದ ಪಕ್ಷದಲ್ಲಿ, 30ನೆಯ ಕಲಮಿನಂತೆ 6 ತಿಂಗಳವರೆಗೆ ಸೆರೆವಾಸ ಅಥವಾ 2,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. 17ನೆಯ ಕಲಮಿನಂತೆ ಪರವಾನಗಿಯನ್ನು ಅಮಾನತಿನಲ್ಲಿಡಲು ಇಲ್ಲವೆ ರದ್ದುಪಡಿಸಲು ಅಧಿಕಾರಿಗೆ ಅವಕಾಶವಿದೆ.

2019ರ ತಿದ್ದುಪಡಿಯ ಮೂರು ಅಂಶಗಳು ನಮ್ಮ ಮನೆಗಳಿಗೆ ಮುಖ್ಯವಾದವು. ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಮಿತಿ ಮೂರರಿಂದ ಎರಡಕ್ಕೆ ಇಳಿದಿದೆ. ಹಿರಿಯರಿಂದ ಬಂದವುಗಳಿಗೂ ಈ ಮಿತಿ ಇದೆ. ಪರವಾನಗಿಯ ಅವಧಿ 3ರಿಂದ 5 ವರ್ಷಕ್ಕೆ ಏರಿದೆ. ಮದುವೆ, ಜಾತ್ರೆ, ಮೆರವಣಿಗೆಗಳಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಉಂಟು. ಪರವಾನಗಿಯೇ ಇಲ್ಲದ ನಾಡಬಂದೂಕಿಗೆ ಶಿಕ್ಷೆ ಇನ್ನೂ ಕಠಿಣ: ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಸೆರೆವಾಸ ಮತ್ತು ದಂಡ. ಅಜಾಗರೂಕತೆಯಿಂದ ಜೀವಹಾನಿಯಾದರೆ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನಂತೆ 5 ವರ್ಷದವರೆಗೆ ಸೆರೆವಾಸವಿದೆ.

ಬೆಳೆ ರಕ್ಷಣೆಗೆ ಬಂದೂಕು ಪಡೆದವರು ಇನ್ನೊಂದನ್ನು ಮರೆಯಬಾರದು. ಬಂದೂಕಿನ ಪರವಾನಗಿಯು ಬೇಟೆಯ ಪರವಾನಗಿಯಲ್ಲ. ಕೃಷ್ಣಮೃಗವಾಗಲಿ ಕಾಡುಹಂದಿಯಾಗಲಿ, ವನ್ಯಜೀವಿಗಳ ವಿಷಯದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರತ್ಯೇಕವಾಗಿ ಅನ್ವಯಿಸುತ್ತದೆ.

ಬಂದೂಕು ಮತ್ತು ಕೀಲಿಕೈ ಇಡುವ ಕ್ರಮ

ಮೊದಲು ಬಂದೂಕು. ಒಳಗಿಡುವ ಮುನ್ನ ನಳಿಕೆಯನ್ನು ಯಾರೂ ಇಲ್ಲದ ದಿಕ್ಕಿಗೆ ಹಿಡಿದು, ಒಳಗೆ ಗುಂಡಿಲ್ಲವೆಂದು ಕಣ್ಣಾರೆ ಎರಡು ಸಲ ನೋಡಬೇಕು. ಗೋಡೆಯ ಗೂಟಕ್ಕೆ ತೂಗುಹಾಕುವುದು, ಅಟ್ಟದ ಮೇಲೆ ಇಡುವುದು, ಹಾಸಿಗೆಯ ಕೆಳಗೆ ತಳ್ಳುವುದು ಸಲ್ಲದು. ಗೋಡೆಗೋ ನೆಲಕ್ಕೋ ಬೋಲ್ಟು ಹಾಕಿ ಬಿಗಿದ ಉಕ್ಕಿನ ಪೆಟ್ಟಿಗೆ ಅಥವಾ ಗಟ್ಟಿ ತಿಜೋರಿ ಬೇಕು. ಬಟ್ಟೆಬರೆ, ಒಡವೆ, ಜಮೀನಿನ ಕಾಗದಗಳಿರುವ ತಿಜೋರಿಯಲ್ಲಿ ಬಂದೂಕನ್ನು ಇಡಬಾರದು. ಅದನ್ನು ದಿನಕ್ಕೆ ಹತ್ತು ಸಲ ಹತ್ತು ಜನ ತೆರೆಯುತ್ತಾರೆ. ಗುಂಡುಗಳನ್ನು, ಅಂದರೆ ಕಾಡತೂಸುಗಳನ್ನು, ಬೇರೆ ಪೆಟ್ಟಿಗೆಯಲ್ಲಿ ಬೇರೆ ಬೀಗ ಹಾಕಿ, ಎಣಿಸಿ ಬರೆದಿಡಬೇಕು.

ಇನ್ನು ಕೀಲಿಕೈ. ಬಾಗಿಲ ಹಿಂದಿನ ಮೊಳೆ, ದೇವರ ಜಗಲಿ, ಜೋಳದ ಡಬ್ಬಿ, ದಿಂಬಿನ ಕೆಳಗೆ, ಗಡಿಯಾರದ ಹಿಂದೆ: ನಮ್ಮ ಮನೆಗಳಲ್ಲಿ ಕೀಲಿಕೈ ಬಚ್ಚಿಡುವ ಜಾಗಗಳು ಇವೇ, ಮಕ್ಕಳು ಮೊದಲು ಹುಡುಕುವ ಜಾಗಗಳೂ ಇವೇ. ಬಚ್ಚಿಟ್ಟ ಕೀಲಿಕೈಗಿಂತ ಮೈಮೇಲಿನ ಕೀಲಿಕೈ ಲೇಸು. ಹಿಂದಿನವರು ಮುಖ್ಯ ಕೀಲಿಕೈಯನ್ನು ಉಡದಾರಕ್ಕೆ ಕಟ್ಟಿಕೊಳ್ಳುತ್ತಿದ್ದುದರಲ್ಲಿ ಅರ್ಥವಿತ್ತು. ಪರವಾನಗಿದಾರರು ಬಂದೂಕಿನ ಕೀಲಿಕೈಯನ್ನು ಮನೆಯ ಕೀಲಿಗೊಂಚಲಿನಿಂದ ಬೇರ್ಪಡಿಸಿ ಸದಾ ತಮ್ಮೊಡನೆ ಇಟ್ಟುಕೊಳ್ಳಬೇಕು. ಸ್ನಾನಕ್ಕೆ, ನಿದ್ದೆಗೆ ಹೋಗುವಾಗ ಅದನ್ನು ಅಂಕಿಯ ಬೀಗವಿರುವ ಸಣ್ಣ ಪೆಟ್ಟಿಗೆಯಲ್ಲಿ ಇಡಬಹುದು.

ಎರಡನೆಯ ಕೀಲಿಕೈ ಹೆಚ್ಚಿನವರು ಮರೆಯುವ ವಸ್ತು. ಬೀಗದ ಜೊತೆಗೆ ಬಂದ ಜೋಡಿ ಕೀಲಿಕೈ ಯಾವುದೋ ಡಬ್ಬಿಯಲ್ಲಿ ಬಿದ್ದಿರುತ್ತದೆ. ಅದನ್ನು ಹುಡುಕಿ ಪರವಾನಗಿದಾರರ ಹೆಸರಿನ ಬ್ಯಾಂಕ್ ಲಾಕರಿನಲ್ಲಿ ಇಡುವುದು ಒಳ್ಳೆಯದು. ಅಂಕಿಯ ಬೀಗವಾದರೆ ಕಾರ್ಖಾನೆಯಿಂದ ಬಂದ ಅಂಕಿಯನ್ನು ಮೊದಲ ದಿನವೇ ಬದಲಿಸಬೇಕು. ಮಕ್ಕಳ ಜನ್ಮದಿನ, ಗಾಡಿಯ ನಂಬರು, ಮೊಬೈಲಿನ ಕೊನೆಯ ಅಂಕಿಗಳು ಬೇಡ. ಅವು ಮಕ್ಕಳಿಗೆ ಬಾಯಿಪಾಠ.

ಕೀಲಿಕೈ ಕಳೆದರೆ ಇನ್ನೊಂದು ಇದೆಯಲ್ಲ ಎಂದು ಸುಮ್ಮನಿರಬಾರದು. ಯಾರಿಗೋ ಸಿಕ್ಕಿದೆ ಎಂದೇ ಭಾವಿಸಿ, ಬಂದೂಕು ಮತ್ತು ಗುಂಡುಗಳ ಲೆಕ್ಕ ನೋಡಿ, ಬೀಗವನ್ನೇ ಬದಲಿಸಬೇಕು. ಬಂದೂಕಾಗಲಿ ಒಂದೇ ಒಂದು ಗುಂಡಾಗಲಿ ಕಾಣೆಯಾಗಿದ್ದರೆ ತಡಮಾಡದೆ ಹತ್ತಿರದ ಪೊಲೀಸ್ ಠಾಣೆಗೆ ತಿಳಿಸುವುದು ಪರವಾನಗಿಯ ಶರತ್ತು. ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಬೇಕು.

ಪರವಾನಗಿಯ ಪ್ರತಿ ಮತ್ತು ಬಂದೂಕಿನ ಸಂಖ್ಯೆಯನ್ನು ಮನೆಯ ಹೊರಗೂ ಒಂದು ಕಡೆ ಇಟ್ಟಿರಬೇಕು. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪದಲ್ಲಿ ಕಲ್ಲುಮಣ್ಣಿನ ಮನೆಗಳು ಕುಸಿದುಬಿದ್ದುದನ್ನು ಕಂಡ ಈ ನಾಡಿಗೆ ಇದರ ಕಾರಣವನ್ನು ವಿವರಿಸಬೇಕಾಗಿಲ್ಲ.

ಊರು ಬಿಡುವಾಗ, ಗಡಿ ದಾಟುವಾಗ

ಪರವಾನಗಿದಾರರು ಒಬ್ಬರೇ ಎರಡು ದಿನ ಊರಿಗೆ ಹೋದರೆ ಕೀಲಿಕೈ ಅವರೊಂದಿಗೇ ಹೋಗಬೇಕು. ದುಡಿಮೆಗೋ ಚಿಕಿತ್ಸೆಗೋ ತಿಂಗಳುಗಟ್ಟಲೆ ಹೊರಗಿರಬೇಕಾದರೆ ಬಂದೂಕನ್ನು ಪೊಲೀಸ್ ಠಾಣೆಯಲ್ಲಿ ಇಲ್ಲವೆ ಪರವಾನಗಿ ಹೊಂದಿದ ಶಸ್ತ್ರ ವ್ಯಾಪಾರಿಯಲ್ಲಿ ಜಮಾ ಮಾಡಿ ರಸೀದಿ ಪಡೆಯುವುದು ಸರಿ. ಚುನಾವಣೆಯ ಕಾಲದಲ್ಲಿ ಆಡಳಿತವು ಜಮಾ ಮಾಡಲು ಆದೇಶಿಸಿದಾಗಲೂ ರಸೀದಿ ಮುಖ್ಯ. ಬಂದೂಕನ್ನು ಮರಳಿ ಪಡೆಯುವಾಗ ಅದೇ ಆಧಾರ.

ಬಂದೂಕನ್ನು ರಿಪೇರಿಗೆ ಅಥವಾ ಪರವಾನಗಿಯ ನವೀಕರಣಕ್ಕೆ ಒಯ್ಯುವಾಗ ಪರವಾನಗಿದಾರರು ಜೊತೆಯಲ್ಲಿದ್ದರೆ, ಇಲ್ಲವೆ ಅವರ ಲಿಖಿತ ಅಧಿಕಾರಪತ್ರವಿದ್ದರೆ, ಇನ್ನೊಬ್ಬರು ಅದನ್ನು ಒಯ್ಯಬಹುದೆಂದು 3ನೆಯ ಕಲಮು ಹೇಳುತ್ತದೆ. ಬಾಯಿಮಾತಿನ ಒಪ್ಪಿಗೆ ಸಾಲದು. 21 ತುಂಬದ ಮಗನನ್ನು ಈ ಕೆಲಸಕ್ಕೆ ಕಳಿಸಲೇಬಾರದು.

ಗಡಿಯ ವಿಷಯ ನಮ್ಮದೇ ಆದದ್ದು. ಉದಗೀರ ಮತ್ತು ನಿಲಂಗಾ ತಾಲ್ಲೂಕುಗಳು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯಲ್ಲಿದ್ದವು. ರಾಜ್ಯ ಪುನರ್ವಿಂಗಡಣೆಯಲ್ಲಿ ಅವು ಮುಂಬಯಿ ರಾಜ್ಯಕ್ಕೆ ಸೇರಿದವು. 1982ರಲ್ಲಿ ಲಾತೂರ್ ಜಿಲ್ಲೆ ರಚನೆಯಾದಾಗ ಅದರ ಭಾಗವಾದವು. ಉಮರ್ಗಾ ಉಸ್ಮಾನಾಬಾದಿನಲ್ಲಿ, ಅಂದರೆ ಇಂದಿನ ಧಾರಾಶಿವ ಜಿಲ್ಲೆಯಲ್ಲಿ ಉಳಿಯಿತು. ಆದರೆ ನಮ್ಮ ಬೀಗರು ಇಂದಿಗೂ ಔರಾದ, ಭಾಲ್ಕಿ, ಬಸವಕಲ್ಯಾಣ, ಆಳಂದಗಳಲ್ಲಿದ್ದಾರೆ. ನೆಂಟಸ್ತಿಕೆಗೆ ಗಡಿಯಿಲ್ಲ, ಪರವಾನಗಿಗೆ ಇದೆ. ಪರವಾನಗಿ ಎಲ್ಲಿಯವರೆಗೆ ಸಲ್ಲುತ್ತದೆ ಎಂಬುದು ಅದರಲ್ಲಿಯೇ ಬರೆದಿರುತ್ತದೆ. ಮಹಾರಾಷ್ಟ್ರಕ್ಕೆ ಸೀಮಿತವಾದ ಪರವಾನಗಿಯ ಬಂದೂಕನ್ನು ಹಿಡಿದು ಔರಾದಿನ ಮದುವೆಗೆ ಹೋದರೆ, ರಾಜ್ಯದ ಗಡಿ ದಾಟಿದ ಕೂಡಲೇ ಅದಕ್ಕೆ ಪರವಾನಗಿಯ ರಕ್ಷಣೆ ಇರುವುದಿಲ್ಲ.

ಕೊಡಗಿನಲ್ಲಿ ಬಂದೂಕಿಗೆ ಪರವಾನಗಿ ಬೇಕಿಲ್ಲವಂತೆ ಎಂಬ ಮಾತು ಕೇಳಿಬರುತ್ತದೆ. ಕೊಡವ ಜನಾಂಗದವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೇಂದ್ರ ಸರ್ಕಾರ ನೀಡಿರುವ ವಿನಾಯಿತಿ ಅದು, 2029ರವರೆಗೆ ವಿಸ್ತರಣೆಯಾಗಿದೆ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕನ್ನಡ ಮಾತನಾಡುವವರೆಲ್ಲರಿಗೂ ಅದು ಅನ್ವಯಿಸುವುದಿಲ್ಲ.

ಪರವಾನಗಿದಾರರು ತೀರಿಕೊಂಡಾಗ

ಅನೇಕ ಮನೆಗಳು ಅರಿವಿಲ್ಲದೆ ತಪ್ಪುವುದು ಇಲ್ಲಿ. ತಂದೆ ತೀರಿಕೊಂಡ ಮೇಲೆ ಬಂದೂಕು ಅದೇ ತಿಜೋರಿಯಲ್ಲಿ, ಕೀಲಿಕೈ ತಾಯಿಯ ಗೊಂಚಲಿನಲ್ಲಿ ಉಳಿದುಬಿಡುತ್ತದೆ. ತಂದೆಯ ಪರವಾನಗಿ ಅವರೊಂದಿಗೇ ಮುಗಿಯಿತು. 21ನೆಯ ಕಲಮಿನಂತೆ ವಿಳಂಬವಿಲ್ಲದೆ ಬಂದೂಕು ಮತ್ತು ಗುಂಡುಗಳನ್ನು ಠಾಣೆಯಲ್ಲಿ ಅಥವಾ ಪರವಾನಗಿ ಇರುವ ವ್ಯಾಪಾರಿಯಲ್ಲಿ ಜಮಾ ಮಾಡಬೇಕು. ಆನಂತರ ವಾರಸುದಾರರಲ್ಲಿ ಒಬ್ಬರು ತಮ್ಮ ಹೆಸರಿನಲ್ಲಿ ಪರವಾನಗಿ ಕೇಳಬಹುದು. ಬದುಕಿರುವಾಗಲೇ ವಾರಸುದಾರರಿಗೆ ವರ್ಗಾಯಿಸಲು ನಿಯಮಾವಳಿಯಲ್ಲಿ ದಾರಿಯಿದೆ: ಪರವಾನಗಿದಾರರಿಗೆ 70 ವರ್ಷ ತುಂಬಿದಾಗ ಅಥವಾ ಬಂದೂಕು ಅವರಲ್ಲಿ 25 ವರ್ಷ ಇದ್ದಾಗ, ಯಾವುದು ಮೊದಲೋ ಆಗ. ಅರ್ಜಿ ಸಲ್ಲಿಸುವುದು ಜಿಲ್ಲಾ ದಂಡಾಧಿಕಾರಿಯವರಿಗೆ. ನಿಲಂಗಾ, ಉದಗೀರದವರು ಲಾತೂರಿನಲ್ಲಿ, ಉಮರ್ಗಾದವರು ಧಾರಾಶಿವದಲ್ಲಿ.

ಕಚೇರಿಯ ಮರಾಠಿ ಮಾತುಗಳು

ಕಚೇರಿಯಲ್ಲಿ ಎದುರಾಗುವ ಕೆಲವು ಪದಗಳನ್ನು ಕನ್ನಡದಲ್ಲಿ ತಿಳಿದಿಟ್ಟುಕೊಂಡರೆ ಸಹಿ ಹಾಕುವ ಮುನ್ನ ಅರ್ಥವಾಗುತ್ತದೆ.

ಶಸ್ತ್ರ ಪರವಾನಾ: ಬಂದೂಕಿನ ಪರವಾನಗಿ.
ಹಮೀಪತ್ರ: ಮುಚ್ಚಳಿಕೆ.
ಅಟೀ ವ ಶರ್ತೀ: ಶರತ್ತುಗಳು.
ನೂತನೀಕರಣ: ನವೀಕರಣ.
ಮುದತ: ಅವಧಿ.
ವಾರಸ: ಉತ್ತರಾಧಿಕಾರಿ.
ಗಹಾಳ: ಕಳೆದುಹೋದದ್ದು.
ಪಾವತೀ: ರಸೀದಿ.

ಅರ್ಥವಾಗದ ಕಾಗದಕ್ಕೆ ಸಹಿ ಹಾಕಬೇಡಿ. ಓದಿ ಹೇಳಲು ಶಾಲೆಯ ಶಿಕ್ಷಕರನ್ನು ಕೇಳಿರಿ, ಸಂಕೋಚ ಬೇಡ. ಕುಂದುಕೊರತೆಯ ಮನವಿಯನ್ನು ಕೇಂದ್ರದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಎಲ್ಲರಿಗೂ ಕೊಟ್ಟಿದೆ. ಜಮಾ ಮಾಡಿದ ಬಂದೂಕು ಮರಳಿ ಬರಲಿಲ್ಲ, ಅರ್ಜಿಗೆ ಉತ್ತರ ಬರಲಿಲ್ಲ ಎಂಬಂಥ ದೂರನ್ನು ಕನ್ನಡದಲ್ಲಿಯೂ ಬರೆಯಬಹುದು. ಜೊತೆಗೆ ಮರಾಠಿ ಅನುವಾದವನ್ನು ಲಗತ್ತಿಸಿದರೆ ಕೆಲಸ ಬೇಗ ಸಾಗುತ್ತದೆ.

ಮಕ್ಕಳಿಗೆ ಹೇಳಬೇಕಾದದ್ದು

ಬೀಗದ ಹೊಣೆ ದೊಡ್ಡವರದು. ಅದನ್ನು ಮಗುವಿನ ಜಾಣತನಕ್ಕೆ ಬಿಡಲಾಗದು. ಆದರೂ ನೆರೆಮನೆಯಲ್ಲೋ ಹೊಲದ ಗುಡಿಸಲಿನಲ್ಲೋ ಬಂದೂಕು ಕಣ್ಣಿಗೆ ಬಿದ್ದರೆ ಏನು ಮಾಡಬೇಕೆಂದು ಪ್ರತಿ ಮಗುವಿಗೂ ಗೊತ್ತಿರಬೇಕು. ನಿಲ್ಲು, ಮುಟ್ಟಬೇಡ, ಅಲ್ಲಿಂದ ದೂರ ಹೋಗು, ದೊಡ್ಡವರಿಗೆ ಹೇಳು: ನಾಲ್ಕೇ ಮಾತು. ಆಟಿಕೆಯಂತೆ ಕಂಡರೂ ಇದೇ ನಿಯಮ. ಗೆಳೆಯನು ತೋರಿಸಲು ಕರೆದರೂ ಇದೇ ನಿಯಮ. ಹೇಳಿದ ಮಗುವನ್ನು ಗದರಿಸಬಾರದು. ಒಮ್ಮೆ ಗದರಿಸಿದರೆ ಮುಂದಿನ ಸಲ ಅದು ಹೇಳುವುದಿಲ್ಲ.

ಪಾಲಕರು ಇಂದೇ ಒಂದು ಪರೀಕ್ಷೆ ಮಾಡಬಹುದು. ಮಗುವನ್ನು ಹತ್ತಿರ ಕೂರಿಸಿಕೊಂಡು, ‘ಬಂದೂಕಿನ ಕೀಲಿಕೈ ಎಲ್ಲಿರುತ್ತದೆ ಗೊತ್ತೇನು?’ ಎಂದು ಸಮಾಧಾನದಿಂದ ಕೇಳಿರಿ. ಸರಿಯಾದ ಉತ್ತರ ಬಂದರೆ ಆ ರಾತ್ರಿಯೇ ಜಾಗ ಬದಲಾಗಬೇಕು.

ಕೊನೆಯದಾಗಿ ಹೇಳಲು ಕಷ್ಟವಾದ, ಆದರೆ ಹೇಳಲೇಬೇಕಾದ ಮಾತು. ಮಳೆ ಕೈಕೊಟ್ಟ ವರ್ಷ, ಸಾಲದ ಹೊರೆ, ಪರೀಕ್ಷೆಯ ಸೋಲು, ಮನೆಯ ಜಗಳ ಇವು ಯಾವ ಮನೆಗೂ ಬರಬಹುದು. ಮನೆಯಲ್ಲಿ ಯಾರಾದರೂ, ಅದು ಪರವಾನಗಿದಾರರೇ ಆಗಿರಲಿ, ಮಾತು ಬಿಟ್ಟು ಕುಗ್ಗಿ ಕೂತಿದ್ದರೆ ಆ ದಿನಗಳಲ್ಲಿ ಬಂದೂಕು ಮನೆಯಲ್ಲಿರುವುದು ಬೇಡ. ಠಾಣೆಯಲ್ಲೋ ವ್ಯಾಪಾರಿಯಲ್ಲೋ ಜಮಾ ಮಾಡಿಸಿರಿ; ಅದರಿಂದ ಮಾನ ಹೋಗುವುದಿಲ್ಲ. ಮನಸ್ಸಿನ ಸಂಕಟ ಹೇಳಿಕೊಳ್ಳಲು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ತುರ್ತು ಸಂದರ್ಭಕ್ಕೆ 112, ಮಕ್ಕಳ ಸಹಾಯವಾಣಿ 1098. ಈ ಮೂರು ಸಂಖ್ಯೆಗಳನ್ನು ಮನೆಯ ಗೋಡೆಯ ಮೇಲೆ ಮಗುವಿನ ಕೈಯಿಂದಲೇ ಕನ್ನಡದಲ್ಲಿ ಬರೆಸಿರಿ. ಕೀಲಿಕೈ ಮಗುವಿಗೆ ಕಾಣದಿರಲಿ. ಈ ಸಂಖ್ಯೆಗಳು ಕಾಣಲಿ.